ಚೌಕಿಗೆ ಹೋಗುವವರು ತಿಳಿದಿರಬೇಕಾದದ್ದು: ಸೇವಾ ಕ್ಲಬ್ಬಿನ ಸಭೆ ಮತ್ತು ಕಲಾವಿದರ ತೆರೆದ ಸ್ಟುಡಿಯೊ

ಪ್ರಶ್ನೆ: ಮುಂಬೈ ಬಳಿಯ ಡೊಂಬಿವಲಿಯ ಸೇವಾ ಕ್ಲಬ್ಬೊಂದರ ಕಾರ್ಯಕ್ರಮಗಳ ಹೊಣೆ ಈ ವರ್ಷ ನನ್ನ ಮೇಲಿದೆ. ಸದಸ್ಯರು 38. ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ಕನ್ನಡದವರೇ: ಹೋಟೆಲಿನವರು, ಲೆಕ್ಕಪರಿಶೋಧಕರು, ಇಬ್ಬರು ವೈದ್ಯರು, ಬ್ಯಾಂಕಿನಿಂದ ನಿವೃತ್ತರಾದವರು. ನಮ್ಮ ಊರಿನ 5 ಕಲಾವಿದರು ಜನವರಿಯ ಒಂದು ಭಾನುವಾರ ತಮ್ಮ ಸ್ಟುಡಿಯೊಗಳನ್ನು ಸಾರ್ವಜನಿಕರಿಗೆ ತೆರೆದಿಡಲಿದ್ದಾರೆ. ಅದನ್ನು ಪರಿಚಯಿಸಲು ನಮ್ಮ ಸಭೆಯಲ್ಲಿ ಸಮಯ ಕೇಳಿದ್ದಾರೆ. ಪ್ರತಿಯೊಬ್ಬರಿಂದ ಒಂದೊಂದು ಚಿತ್ರ ಪಡೆದು ಡಯಾಲಿಸಿಸ್ ನಿಧಿಗಾಗಿ ಹರಾಜು ಹಾಕೋಣ ಎಂಬುದು ಅಧ್ಯಕ್ಷರ ಆಸೆ. ಹಿರಿಯ ಸದಸ್ಯರೊಬ್ಬರು, ‘ಚಿತ್ರ ನೋಡುವುದಕ್ಕೂ ಸೇವೆಗೂ ಏನು ಸಂಬಂಧ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸಭೆಯನ್ನು ಹೇಗೆ ನಡೆಸಬೇಕು? ಸ್ಟುಡಿಯೊಗೆ ಹೋದಾಗ ಏನು ಕೇಳಬಹುದು, ಏನು ಕೇಳಬಾರದು? ಕಲಾವಿದರಿಗೆ ಶಾಲು, ಸ್ಮರಣಿಕೆ ಕೊಡಬೇಕೇ?

ಉತ್ತರ: ನಿಮ್ಮ ಹಿರಿಯ ಸದಸ್ಯರ ಪ್ರಶ್ನೆಯಿಂದಲೇ ಹೊರಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ನಿಮ್ಮದು ರೋಟರಿಯೋ ಲಯನ್ಸೋ ನೀವು ಬರೆದಿಲ್ಲ. ರೋಟರಿಯಾಗಿದ್ದರೆ ಆ ಹಿರಿಯರಿಗೆ ಅವರ ಸಂಸ್ಥೆಯ ಹೆಸರಿನ ಅರ್ಥವನ್ನೇ ನೆನಪಿಸಿ. 1905ರ ಫೆಬ್ರುವರಿ 23ರಂದು ಷಿಕಾಗೋದಲ್ಲಿ ನಾಲ್ವರು ಸೇರಿದರು: ವಕೀಲ ಪಾಲ್ ಹ್ಯಾರಿಸ್, ಒಬ್ಬ ಗಣಿ ಇಂಜಿನಿಯರ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ದರ್ಜಿ. ಸೇರಿದ್ದು ಯಾವ ಪಂಚತಾರಾ ಹೋಟೆಲಿನಲ್ಲೂ ಅಲ್ಲ, ಆ ಗಣಿ ಇಂಜಿನಿಯರನ ಕಚೇರಿಯ ಕೋಣೆಯಲ್ಲಿ. ಆಮೇಲೆ ಸರದಿಯ ಪ್ರಕಾರ ಒಬ್ಬೊಬ್ಬರ ಕೆಲಸದ ಜಾಗದಲ್ಲಿ ಸಭೆ ನಡೆಯಿತು. ಹಾಗೆ ಸುತ್ತುತ್ತಿದ್ದುದರಿಂದಲೇ ‘ರೋಟರಿ’ ಎಂಬ ಹೆಸರು ಬಂತು. ಊಟ, ಮಾಲೆ, ಮೈಕು, ಬ್ಯಾನರ್ ಎಲ್ಲ ಆಮೇಲಿನ ಸೇರ್ಪಡೆ. ಇನ್ನೊಬ್ಬನ ಕಸುಬಿನ ಮನೆಗೆ ಹೋಗಿ, ಅವನು ಹೊಟ್ಟೆ ಹೊರೆಯುವುದು ಹೇಗೆ ಎಂದು ನೋಡಿ ಬರುವುದೇ ಮೂಲ. ಇಂದಿಗೂ ರೋಟರಿಯ ಐದು ಸೇವಾ ಮಾರ್ಗಗಳಲ್ಲಿ ‘ವೃತ್ತಿಸೇವೆ’ ಒಂದು. ಕಾರ್ಖಾನೆ ನೋಡಲು ಹೋಗುತ್ತೀರಿ, ಹಾಲಿನ ಡೈರಿ ನೋಡಲು ಹೋಗುತ್ತೀರಿ. ಚಿತ್ರಕಾರನ ಕೋಣೆಯೂ ಅಂಥದೇ ಒಂದು ಕಾರ್ಖಾನೆ. ಅಲ್ಲಿ ಮಾಲೀಕನೂ ಕೂಲಿಯೂ ಒಬ್ಬನೇ ಎಂಬುದಷ್ಟೇ ವ್ಯತ್ಯಾಸ.

ಲಯನ್ಸ್ ಆಗಿದ್ದರೂ ಮಾತು ಬದಲಾಗುವುದಿಲ್ಲ. ಅದನ್ನು 1917ರಲ್ಲಿ ಕಟ್ಟಿದ ಮೆಲ್ವಿನ್ ಜೋನ್ಸ್ ಷಿಕಾಗೋದ ಒಬ್ಬ ವಿಮಾ ವ್ಯಾಪಾರಿ. ಒಂದು ವ್ಯಾಪಾರಿಗಳ ಕೂಟ ತನ್ನ ಲಾಭದಾಚೆಗೂ ನೋಡಬೇಕೆಂದು ಹೊರಟವರು ಅವರು. ನೆರೆಹೊರೆಯ ಬಡಗಿಯ, ಚಿತ್ರಕಾರನ ಬಾಗಿಲ ತನಕ ಆ ನೋಟ ಹೋದರೆ ತಪ್ಪೇನು?

ಈಗ ನಾನು ನಿಮಗೆ ಕೊಡಬಹುದಾದ ಒಂದೇ ಒಂದು ಸಲಹೆ. ಈ ಉತ್ತರದಲ್ಲಿ ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ. ಸ್ಟುಡಿಯೊ ಎಂದರೆ ರಂಗಸ್ಥಳವಲ್ಲ, ಚೌಕಿ; ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ. ನಮ್ಮ ಕರಾವಳಿಯವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಆಟಕ್ಕೆ ಹೋದಾಗ ಮಕ್ಕಳಾಗಿದ್ದ ನಾವು ಮೊದಲು ಓಡುತ್ತಿದ್ದುದು ರಂಗಸ್ಥಳದ ಮುಂದಕ್ಕಲ್ಲ, ಹಿಂದಿನ ಚೌಕಿಗೆ. ಅಲ್ಲಿ ಬಣ್ಣದ ವೇಷದವನು ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಿಂದ ಮುಖಕ್ಕೆ ಇಡುತ್ತಾ ಗಂಟೆಗಟ್ಟಲೆ ಕುಳಿತಿರುತ್ತಿದ್ದ. ಆಗ ಯಾರೂ ಅವನನ್ನು ಮಾತನಾಡಿಸುವುದಿಲ್ಲ. ಕಿರೀಟ ಮುಟ್ಟುವುದಿಲ್ಲ. ‘ಇದಕ್ಕೆಷ್ಟು ರೇಟು?’ ಎಂದು ಕೇಳುವುದಿಲ್ಲ. ಹಾಗೆಂದು ನಮ್ಮನ್ನು ಯಾರೂ ಓಡಿಸುತ್ತಲೂ ಇರಲಿಲ್ಲ. ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುವುದಕ್ಕೆ ಅಪ್ಪಣೆಯಿತ್ತು. ಮಳೆಗಾಲದಲ್ಲಿ ಮೇಳಗಳು ಮುಂಬೈಗೆ ಬಂದಾಗ ಸಭಾಂಗಣದ ಹಿಂದಿನ ಬಾಗಿಲಲ್ಲಿ ಈಗಲೂ ಮಕ್ಕಳ ಗುಂಪು ಕಾಣುತ್ತದೆ. ತೆರೆದ ಸ್ಟುಡಿಯೊಗೆ ಬೇಕಾದ ಸಭ್ಯತೆಯೆಲ್ಲ ನಿಮ್ಮ ಸದಸ್ಯರಿಗೆ ಹತ್ತನೆಯ ವಯಸ್ಸಿನಲ್ಲೇ ಗೊತ್ತಿತ್ತು. ಸಭೆಯಲ್ಲಿ ಅದನ್ನು ನೆನಪಿಸಿದರೆ ಸಾಕು.

ಈ ಪದ್ಧತಿ ನಮಗೆ ಹೊಸತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ, ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ವರ್ಷಕ್ಕೊಂದು ವಾರಾಂತ್ಯ ಕಲಾವಿದರು ಬಾಗಿಲು ತೆರೆಯುತ್ತಾರೆ. ಕೈಯಲ್ಲಿ ಒಂದು ನಕ್ಷೆ, ಪ್ರತಿ ಮನೆಯ ಮುಂದೆ ಅಂಕಿ ಬರೆದ ಫಲಕ. ಊರಿನ ಕ್ಲಬ್ಬಿನ ಬೆಳಗಿನ ಉಪಾಹಾರ ಸಭೆಯಲ್ಲಿ ಒಬ್ಬರು ಬಂದು ಅದನ್ನು ಪರಿಚಯಿಸುತ್ತಾರೆ. ನಿಮ್ಮ ಕಲಾವಿದರು ಕೇಳುತ್ತಿರುವುದೂ ಅದನ್ನೇ. ಆದರೆ ಮುಂಬೈಯಲ್ಲಿ ಇದಕ್ಕೆ ಬೇರೆಯದೇ ಬೇರುಗಳಿವೆ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದ ಆಸ್ಟ್ರಿಯಾದ ಚಿತ್ರಕಾರ ವಾಲ್ಟರ್ ಲಾಂಗ್‌ಹ್ಯಾಮರ್ ‘ಟೈಮ್ಸ್ ಆಫ್ ಇಂಡಿಯಾ’ದ ಕಲಾ ನಿರ್ದೇಶಕರಾಗಿದ್ದರು. ನೇಪಿಯನ್ ಸೀ ರಸ್ತೆಯ ತಮ್ಮ ಮನೆಯನ್ನು ಭಾನುವಾರಗಳಂದು ತೆರೆದಿಡುತ್ತಿದ್ದರು. ಮುಂದೆ ದೊಡ್ಡ ಚಿತ್ರಕಾರರಾದ ಎಸ್. ಎಚ್. ರಜಾ ಅವರಂಥ ಹುಡುಗರು ಅಲ್ಲಿಗೆ ಹೋಗಿ, ಹಿರಿಯನೊಬ್ಬ ಬಣ್ಣ ಕಲಸುವುದನ್ನು ನೋಡಿ ಕಲಿತರು. 1947ರಲ್ಲಿ ಮುಂಬೈಯ ಹೊಸ ಚಿತ್ರಕಾರರು ಕಟ್ಟಿಕೊಂಡ ಪ್ರೋಗ್ರೆಸಿವ್ ಕಲಾವಿದರ ಗುಂಪಿನ ಹಿಂದೆ ಅಂಥ ಭಾನುವಾರಗಳ ಪಾಲು ದೊಡ್ಡದು. ಮುಂದೆ ವಾರ್ಡನ್ ರಸ್ತೆಯ ಭೂಲಾಭಾಯಿ ದೇಸಾಯಿ ಸ್ಮಾರಕ ಸಂಸ್ಥೆಯಲ್ಲಿ ಹುಸೇನ್, ಗಾಯತೊಂಡೆ ಮೊದಲಾದ ಚಿತ್ರಕಾರರಿಗೆ ಕೆಲಸದ ಕೋಣೆಗಳಿದ್ದವು. ಅದೇ ಆವರಣದಲ್ಲಿ ರವಿಶಂಕರರ ಸಂಗೀತ ಶಾಲೆ, ರಂಗನಿರ್ದೇಶಕ ಅಲ್ಕಾಜಿಯವರ ನಾಟಕ. ಒಂದು ಬಾಗಿಲಿನಿಂದ ಸಿತಾರ್, ಇನ್ನೊಂದರಿಂದ ಎಣ್ಣೆಬಣ್ಣ ತೆಳುಮಾಡುವ ಟರ್ಪೆಂಟೈನ್ ವಾಸನೆ. ಆ ಕಟ್ಟಡ ಈಗಿಲ್ಲ. ರಸ್ತೆಗೆ ಮಾತ್ರ ಭೂಲಾಭಾಯಿಯವರ ಹೆಸರು ಉಳಿದಿದೆ.

ಇಷ್ಟು ದೂರ ಹೋಗುವುದೂ ಬೇಡ. ಶ್ರಾವಣದಲ್ಲಿ ಲಾಲ್‌ಬಾಗ್, ಪರೇಲದ ಗಣಪತಿ ಕಾರ್ಖಾನೆಗಳ ಮುಂದೆ ನಿಂತು ನೋಡದ ಮುಂಬೈಗನಿದ್ದಾನೆಯೇ? ಕಣ್ಣು ಬರೆಯುವ ಮುನ್ನ ಮೂರ್ತಿ ಹೇಗಿತ್ತು ಎಂದು ನೋಡಿದವನಿಗೇ ಆ ಕಣ್ಣಿನ ಬೆಲೆ ಗೊತ್ತು. ನಿಮ್ಮ ನಕ್ಷೆಯಲ್ಲಿ 5 ಕಲಾವಿದರ ಜೊತೆಗೆ ಊರಿನ ಒಬ್ಬ ಮೂರ್ತಿಕಾರನ ಶೆಡ್ ಸೇರಿಸಲು ಸಾಧ್ಯವೇ ಎಂದು ಕೇಳಿ ನೋಡಿ. ಜನವರಿಯಲ್ಲಿ ಮಾಘಿ ಗಣೇಶನ ಕೆಲಸ ಅಲ್ಲಿ ಸಿಕ್ಕರೂ ಸಿಗಬಹುದು.

ಇನ್ನು, ಉಪನಗರದ ಕಲಾವಿದರಿಗೆ ಇದರಿಂದ ಆಗುವುದೇನು? ದಕ್ಷಿಣ ಮುಂಬೈಯ ಕಾಳಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಈ ನಗರದ ಕಲಾವಿದರ ದೊಡ್ಡ ವೇದಿಕೆ. ಅಲ್ಲಿ ಒಂದು ವಾರದ ಗೋಡೆಗಾಗಿ ವರ್ಷಗಟ್ಟಲೆ ಕಾಯಬೇಕು. ಸರದಿ ಬಂದಾಗ ಡೊಂಬಿವಲಿಯಿಂದ ಚಿತ್ರಗಳನ್ನು ಅಲ್ಲಿಗೆ ಮುಟ್ಟಿಸುವುದೇ ಒಂದು ಸಾಹಸ. ಹಣವಿದ್ದವರು ಟೆಂಪೋ ಮಾಡುತ್ತಾರೆ. ನಾನು ನನ್ನ ಮೊದಲ ಪ್ರದರ್ಶನದ ಚಿತ್ರಗಳನ್ನು ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿ ಮತ್ತು ಕೊತ್ತಂಬರಿ ಮೂಟೆಗಳ ನಡುವೆ, ಎರಡು ಸಲ ಹೋಗಿ ಬಂದು ಸಾಗಿಸಿದ್ದೆ. ಒಂದು ಚಿತ್ರದ ಅಂಚಿಗೆ ಬಂಗಡೆಯ ನೀರು ತಾಗಿತ್ತು. ಯಾರಿಗೂ ತಿಳಿಯಲಿಲ್ಲ, ಮಾರಾಟವೂ ಆಗಲಿಲ್ಲ. ಅಷ್ಟೆಲ್ಲ ಮಾಡಿದರೂ ಆ ಕಲಾವಿದನ ಸ್ವಂತ ಕಟ್ಟಡದ ಮೂರನೆಯ ಮಹಡಿಯವರಿಗೆ ಅವನು ಏನು ಮಾಡುತ್ತಾನೆಂದು ಗೊತ್ತಿರುವುದಿಲ್ಲ. ತೆರೆದ ಸ್ಟುಡಿಯೊ ಆ ದಾರಿಯನ್ನು ತಿರುಗಿಸುತ್ತದೆ: ಚಿತ್ರ ದಕ್ಷಿಣ ಮುಂಬೈಗೆ ಹೋಗುವ ಬದಲು ನೆರೆಯವರು ಚಿತ್ರದ ಬಳಿಗೆ ಬರುತ್ತಾರೆ.

ಈಗ ಸಭೆಯ ವಿಷಯ. ನನಗಾದ ಒಂದು ಅನುಭವ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡು ಬಹಳ ವರ್ಷ ಆಯಿತು. ಒಂದು ಸೇವಾ ಸಂಸ್ಥೆಯವರು ‘ನಿಮ್ಮ ಕಲೆಯ ಬಗ್ಗೆ ಮಾತನಾಡಿ’ ಎಂದು ಕರೆದರು. ಚಿತ್ರ ಒಂದನ್ನು ತರಲು ಹೇಳಿದ್ದರು, ತಂದಿದ್ದೆ. ಹುಟ್ಟುಹಬ್ಬಗಳು, ವಿವಾಹ ವಾರ್ಷಿಕೋತ್ಸವಗಳು, ಕಾರ್ಯದರ್ಶಿಯ ವರದಿ, ಕಳೆದ ತಿಂಗಳ ನೇತ್ರ ಶಿಬಿರದ ಅಭಿನಂದನೆ ಎಲ್ಲ ಮುಗಿಯುವ ಹೊತ್ತಿಗೆ ರಾತ್ರಿ ಒಂಬತ್ತೂಕಾಲು. ಬಿಸಿ ಜಿಲೇಬಿಯ ಪರಿಮಳ ಸಭಾಂಗಣಕ್ಕೆ ಬಂದಾಗಿತ್ತು. ನನಗೆ ಸಿಕ್ಕಿದ್ದು ಎಂಟು ನಿಮಿಷ. ಅದರಲ್ಲಿ ಮೂರು ಪ್ರೊಜೆಕ್ಟರಿಗೆ ಹೋಯಿತು. ಕೊನೆಗೆ ವೇದಿಕೆಯಲ್ಲೇ ‘ಈ ಸುಂದರ ಚಿತ್ರವನ್ನು ನಮ್ಮ ಸಂಸ್ಥೆಗೆ ಕಾಣಿಕೆಯಾಗಿ ನೀಡುತ್ತಿದ್ದಾರೆ’ ಎಂದು ಘೋಷಿಸಿದರು. ನನ್ನನ್ನು ಕೇಳಿರಲಿಲ್ಲ. ಚಪ್ಪಾಳೆಯ ಮಧ್ಯೆ ‘ಇಲ್ಲ’ ಎನ್ನುವ ಧೈರ್ಯ ನನಗೆ ಇರಲಿಲ್ಲ. ಮರುವರ್ಷ ಅದೇ ಚಿತ್ರ ಅವರ ಡೈರಿಯ ಮುಖಪುಟದಲ್ಲಿ ಅಚ್ಚಾಯಿತು, ನನ್ನ ಹೆಸರಿಲ್ಲದೆ, ಎಡಬಲ ತಿರುಗಿಸಿ.

ಆದ್ದರಿಂದ, ಆ ದಿನ ಕಲಾವಿದರನ್ನು ಮೊದಲು ಕೂರಿಸಿ, ವರದಿಗಳನ್ನು ಕೊನೆಗೆ ತಳ್ಳಿ. ಐವರೂ ಐದೈದು ನಿಮಿಷ ಮಾತನಾಡುವ ಏರ್ಪಾಡು ಬೇಡ. ಐದು ಪರಿಚಯ ಭಾಷಣ, ಐದು ವಂದನಾರ್ಪಣೆಯಲ್ಲಿ ಸಭೆ ಮುಗಿಯುತ್ತದೆ. ಅವರೊಳಗೆ ಮಾತು ಬಲ್ಲ ಒಬ್ಬರು ಇಪ್ಪತ್ತು ನಿಮಿಷ ಮಾತನಾಡಲಿ. ಉಳಿದ ನಾಲ್ವರು ನಾಲ್ಕು ಮೇಜುಗಳಲ್ಲಿ ತಮ್ಮ ಕೆಲಸದ ಸಾಮಾನು ಹರಡಿಕೊಂಡು ಕೂರಲಿ. ಮುಗಿದ ಚಿತ್ರ ತರುವುದು ಬೇಡ. ಸವೆದ ಕುಂಚ, ಬಣ್ಣ ಗಟ್ಟಿಯಾದ ಪ್ಯಾಲೆಟ್, ಮುದ್ರಣಚಿತ್ರ ತೆಗೆಯಲು ಬಳಸುವ, ಆಸಿಡ್ ತಿಂದ ಸತುವಿನ ತಗಡು, ಅರ್ಧಕ್ಕೆ ನಿಂತ ಒಂದು ಕ್ಯಾನ್ವಾಸ್, ಕೈಬಿಟ್ಟ ಒಂದು ರೇಖಾಚಿತ್ರ ತರಲಿ. ನಿಮ್ಮ ಹೋಟೆಲಿನ ಸದಸ್ಯರಿಗೆ ಸವೆದ ಸೌಟು ಏನು ಹೇಳುತ್ತದೆಂದು ಗೊತ್ತು, ಸವೆದ ಕುಂಚವೂ ಅವರಿಗೆ ಅರ್ಥವಾಗುತ್ತದೆ. ನಾನು ಕಂಡ ಅತ್ಯುತ್ತಮ ಪ್ರಶ್ನೆಗಳು ಬಂದದ್ದು ಹೋಟೆಲಿನವರಿಂದಲೇ. ಉಡುಪಿ ಕಡೆಯ ಒಬ್ಬರು ನನ್ನ ಕೋಣೆಗೆ ಬಂದು ಗೋಡೆಯ ಚಿತ್ರಗಳನ್ನು ನೋಡುವ ಮೊದಲೇ ‘ಬಾಡಿಗೆ ಎಷ್ಟು, ಬಣ್ಣಕ್ಕೆ ತಿಂಗಳಿಗೆಷ್ಟು, ಕೆಟ್ಟುಹೋದದ್ದನ್ನು ಏನು ಮಾಡುತ್ತೀರಿ?’ ಎಂದು ಕೇಳಿದರು. ನನ್ನ ಮೂವತ್ತು ವರ್ಷದ ಕಸುಬನ್ನು ಅಷ್ಟು ಚುಟುಕಾಗಿ ಯಾವ ವಿಮರ್ಶಕನೂ ವಿಚಾರಿಸಿರಲಿಲ್ಲ.

ನಿಮ್ಮದು ರೋಟರಿಯಾದರೆ ಇನ್ನೊಂದು ದಾರಿಯೂ ಇದೆ. ಪ್ರತಿ ವಾರ ಸೇರಲೇಬೇಕೆಂಬ ಕಟ್ಟುಪಾಡು 2016ರಲ್ಲಿ ಸಡಿಲವಾಯಿತು. ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೆ ಸಾಕು, ಸಭೆಯ ಸ್ವರೂಪವನ್ನು ಕ್ಲಬ್ಬೇ ತೀರ್ಮಾನಿಸಬಹುದು. ಹಾಗಿರುವಾಗ ಸಭಾಂಗಣವನ್ನೇಕೆ ಬಾಡಿಗೆಗೆ ಹಿಡಿಯುತ್ತೀರಿ? ಐದರಲ್ಲಿ ದೊಡ್ಡದಾದ ಸ್ಟುಡಿಯೊದಲ್ಲೇ ಆ ವಾರದ ಸಭೆ ಕರೆಯಿರಿ. ಇಡ್ಲಿ, ಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ. 38 ಮಂದಿಯಲ್ಲಿ ಬರುವವರು ಹೇಗೂ ಇಪ್ಪತ್ತು, ಅದು ಎಲ್ಲ ಕ್ಲಬ್ಬುಗಳ ಗುಟ್ಟು.

ಒಂದು ಎಚ್ಚರಿಕೆ. ದೀಪ ಬೆಳಗುವ ಕಾರ್ಯಕ್ರಮ ಸ್ಟುಡಿಯೊದೊಳಗೆ ಖಂಡಿತ ಬೇಡ, ಅಗರಬತ್ತಿಯೂ ಬೇಡ. ಟರ್ಪೆಂಟೈನ್ ಬೇಗ ಹೊತ್ತಿಕೊಳ್ಳುವ ದ್ರವ. ಅಗಸೆ ಎಣ್ಣೆ ಹೀರಿದ ಚಿಂದಿಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಕಿಡಿಯೇ ಇಲ್ಲದೆ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಎಣ್ಣೆ ಗಾಳಿಯೊಡನೆ ಬೆರೆತು ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗಿನ ಆ ಶಾಖಕ್ಕೆ ಹೊರಬರಲು ದಾರಿಯಿರುವುದಿಲ್ಲ. ತೆರೆದ ದಿನದ ಹಿಂದಿನ ಸಂಜೆ ಕಲಾವಿದರು ಅಂಥ ಬಟ್ಟೆಗಳನ್ನು ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಕ್ಕೆ ಹಾಕಿಟ್ಟರೆ ಸಾಕು. ಇಷ್ಟು ಜನ ಬರುವಾಗ ಕಲಾವಿದರೇ ಇದನ್ನು ಮರೆಯುತ್ತಾರೆ, ನೀವು ನೆನಪಿಸಿ.

ಸುತ್ತಾಟದ ದಿನಕ್ಕೆ ಕ್ಲಬ್ಬು ಮಾಡಬಹುದಾದ ಸೇವೆ ಏನೆಂದು ನಿಮ್ಮ ಹಿರಿಯರು ಮತ್ತೆ ಕೇಳಿಯಾರು. ಕಲಾವಿದರಿಂದ ಆಗದ, ನಿಮ್ಮಿಂದ ಸುಲಭವಾಗಿ ಆಗುವ ಕೆಲಸಗಳು ರಾಶಿ ಬಿದ್ದಿವೆ. ಮೊದಲನೆಯದು ಹೌಸಿಂಗ್ ಸೊಸೈಟಿ. ಫ್ಲ್ಯಾಟಿನಲ್ಲಿ ಚಿತ್ರ ಬರೆಯುವವನ ಮನೆಗೆ ಒಂದೇ ದಿನ ನೂರು ಅಪರಿಚಿತರು ಬಂದರೆ ಸೊಸೈಟಿಯ ಕಾರ್ಯದರ್ಶಿಗೆ ‘ವಾಣಿಜ್ಯ ಚಟುವಟಿಕೆ’ಯ ಅನುಮಾನ ಹುಟ್ಟುತ್ತದೆ, ವಾಚ್‌ಮನ್ ಒಬ್ಬೊಬ್ಬರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆಸುತ್ತಾ ಕೂರುತ್ತಾನೆ. ಆ ಕಾರ್ಯದರ್ಶಿಯನ್ನು ಎರಡು ವಾರ ಮೊದಲೇ ಕಂಡು, ಪತ್ರ ಕೊಟ್ಟು, ಕುಟುಂಬ ಸಮೇತ ಆಹ್ವಾನಿಸುವುದು ಒಬ್ಬ ಕಲಾವಿದನಿಂದ ಆಗದ ಕೆಲಸ. ಊರಿನಲ್ಲಿ ಹೆಸರಿರುವ ಒಬ್ಬ ವೈದ್ಯರಿಂದ ಅದು ಐದು ನಿಮಿಷದಲ್ಲಿ ಆಗುತ್ತದೆ. ಎರಡನೆಯದು ನಕ್ಷೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಇರಲಿ. ನಿಲ್ದಾಣದ ಪೂರ್ವವೋ ಪಶ್ಚಿಮವೋ ಎಂಬುದನ್ನು ಕಲಾವಿದನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ. ಈ ನಗರದಲ್ಲಿ ಹಳಿಯ ತಪ್ಪು ಬದಿಗೆ ಇಳಿದವನು ಅಲ್ಲೇ ವಡಾಪಾವ್ ತಿಂದು ಮನೆಗೆ ಮರಳುತ್ತಾನೆ. ಮತ್ತೆ, ನೀವು ಆರಿಸಿದ್ದು ಭಾನುವಾರ! ಹಳಿಯ ದುರಸ್ತಿಗೆಂದು ಭಾನುವಾರಗಳಂದು ರೈಲು ತಡೆಯುವ ಮಧ್ಯ ರೈಲ್ವೆಯ ‘ಮೆಗಾ ಬ್ಲಾಕ್’ ಯಾವ ನಿಲ್ದಾಣಗಳ ನಡುವೆ, ಎಷ್ಟು ಗಂಟೆಯಿಂದ ಎಂಬುದನ್ನು ಹಿಂದಿನ ದಿನ ನೋಡಿಕೊಂಡು ಎಲ್ಲರಿಗೂ ಸಂದೇಶ ಕಳುಹಿಸಿ. ಠಾಣೆ, ಮುಲುಂಡಿನಿಂದ ಬರುವವರು ಅದರಲ್ಲಿ ಸಿಕ್ಕಿಕೊಂಡರೆ ಕಲೆಯ ಮೇಲಿನ ಪ್ರೀತಿ ಪ್ಲಾಟ್‌ಫಾರ್ಮಿನಲ್ಲೇ ಆರಿಹೋಗುತ್ತದೆ. ಜನವರಿ ಆರಿಸಿದ್ದು ಮಾತ್ರ ಬಹಳ ಒಳ್ಳೆಯದಾಯಿತು. ಜುಲೈಯಲ್ಲಿ ನಮ್ಮ ಸ್ಟುಡಿಯೊಗಳಲ್ಲಿ ಬಣ್ಣಕ್ಕಿಂತ ಬೂಷ್ಟು ಹೆಚ್ಚು.

ಹತ್ತಡಿ ಹದಿನೈದಡಿಯ ಕೋಣೆಗೆ ಒಮ್ಮೆಗೆ ಎಂಟು ಜನಕ್ಕಿಂತ ಹೆಚ್ಚು ಬಿಡಬೇಡಿ. ಬಾಗಿಲಲ್ಲಿ ನಿಮ್ಮ ಕ್ಲಬ್ಬಿನ ಇಬ್ಬರು ನಿಲ್ಲಲಿ, ಕಾಯುವವರಿಗೆ ಮೆಟ್ಟಿಲ ಬಳಿ ನಾಲ್ಕು ಕುರ್ಚಿ, ನೀರು. ಬೆನ್ನಿಗೆ ಹಾಕಿದ ಚೀಲ ಹೊರಗೇ ಇರಲಿ. ಚಿತ್ರವನ್ನು ಬೆರಳು ಚುಚ್ಚಿ ಹಾಳುಮಾಡಿದವರನ್ನು ನಾನು ಕಂಡದ್ದು ಕಡಿಮೆ. ತಿರುಗುವಾಗ ಚೀಲದಿಂದ ಕೆಡವಿದವರು ಮೂವರು. ಎಣ್ಣೆಬಣ್ಣ ಮುಟ್ಟುವಷ್ಟು ಒಣಗಲು ದಿನಗಳು ಬೇಕು, ದಪ್ಪವಾಗಿ ಹಚ್ಚಿದ್ದರೆ ವಾರಗಳು. ಪೂರ್ತಿ ಒಣಗಿ ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯುವುದು ರೂಢಿ. ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುವುದರಿಂದ ಹಸಿ ಚಿತ್ರದ ಮುಂದೆ ನೆಲಕ್ಕೊಂದು ಟೇಪು ಅಂಟಿಸಿ. ಮೊಬೈಲಿನಲ್ಲಿ ಫೋಟೊ ತೆಗೆಯುವ ಮೊದಲು ಕೇಳಬೇಕು. ಅರ್ಧ ಮುಗಿದ ಕೆಲಸವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಚುಟ್ಟಿ ಇಡುತ್ತಿರುವ ವೇಷದವನನ್ನು ಹಿಡಿದು ರಂಗಸ್ಥಳಕ್ಕೆ ತಳ್ಳಿದ ಹಾಗೆ.

ಏನು ಕೇಳಬಾರದು ಎಂದು ಕೇಳಿದ್ದೀರಿ. ‘ನನ್ನ ಮೊಮ್ಮಗನೂ ಹೀಗೇ ಬರೆಯುತ್ತಾನೆ’ ಎಂಬುದು ಪ್ರಶ್ನೆಯಲ್ಲ, ಆದರೂ ಪ್ರತಿ ಗುಂಪಿನಲ್ಲಿ ಒಬ್ಬರು ಹೇಳಿಯೇ ಹೇಳುತ್ತಾರೆ. ಬೇಸರವಿಲ್ಲ, ಮೊಮ್ಮಗನನ್ನೂ ಕರೆತನ್ನಿ. ‘ನಮ್ಮ ಸೋಫಾ ಕಂದು, ಅದಕ್ಕೆ ಹೊಂದುವುದಿದೆಯೇ?’ ಎಂದು ಕೇಳಿದರೂ ನಾನು ಈಗ ಸಿಟ್ಟಾಗುವುದಿಲ್ಲ. ಸೋಫಾ ಬದಲಾದ ಮೇಲೂ ಚಿತ್ರ ಗೋಡೆಯಲ್ಲೇ ಉಳಿದ ಮನೆಗಳನ್ನು ಕಂಡಿದ್ದೇನೆ. ಎಲ್ಲರೂ ಕೇಳುವ ‘ಎಷ್ಟು ದಿನ ಹಿಡಿಯಿತು?’ ಎಂಬ ಪ್ರಶ್ನೆಯ ಹಿಂದೆ ಕೂಲಿಯ ಲೆಕ್ಕವಿರುತ್ತದೆ. ಅದರ ಬದಲು ‘ಇಲ್ಲಿ ಮೊದಲು ಏನಿತ್ತು?’ ಎಂದು ಕೇಳಿ. ಕಲಾವಿದ ತಕ್ಷಣ ಎದ್ದು ಬಂದು ತೋರಿಸುತ್ತಾನೆ: ಇಲ್ಲಿ ಒಂದು ಮರವಿತ್ತು, ಅಳಿಸಿದೆ, ಈ ನೀಲಿಯ ಕೆಳಗೆ ಕೆಂಪಿದೆ, ಅಂಚಿನಲ್ಲಿ ನೋಡಿ. ಗ್ಯಾಲರಿಯಲ್ಲಿ ಇದು ಸಿಗುವುದಿಲ್ಲ. ಕಿಟಕಿ ಯಾವ ದಿಕ್ಕಿಗೆ ಎಂದೂ ಕೇಳಬಹುದು. ಉತ್ತರದ ಕಿಟಕಿಯಿಂದ ಬಿಸಿಲು ನೇರವಾಗಿ ಬೀಳುವುದು ಅಪರೂಪ. ಬೆಳಕು ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಆದ್ದರಿಂದ ಕಲಾವಿದರಿಗೆ ಅದು ಪ್ರಿಯ. ವಾಸ್ತುವಿನವರು ಉತ್ತರವನ್ನು ಕುಬೇರನ ದಿಕ್ಕು ಎನ್ನುತ್ತಾರೆ. ಮುಂಬೈಯ ಬಾಡಿಗೆಯಲ್ಲಿ ಆ ದಿಕ್ಕಿನ ಕಿಟಕಿ ಸಿಗಬೇಕಾದರೆ ಅವನ ಕೃಪೆಯೂ ಬೇಕು.

ನಮ್ಮವರಿಗೆ ಹತ್ತಿರವಾಗುವ ಒಂದು ಉದಾಹರಣೆಯನ್ನು ಸಭೆಯಲ್ಲಿ ಹೇಳಲೇಬೇಕು. ಕೆ. ಕೆ. ಹೆಬ್ಬಾರರು ಹುಟ್ಟಿದ್ದು 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ಮುಂಬೈಗೆ ಬಂದು ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲೇ ಕಲಿಸಿದರು, 1996ರಲ್ಲಿ ತೀರಿಕೊಳ್ಳುವವರೆಗೂ ಈ ನಗರವೇ ಅವರ ಕೆಲಸದ ಮನೆ. ರೇಖೆಗೆ ಲಯ ಬರಬೇಕೆಂದು ಕಥಕ್ ನೃತ್ಯವನ್ನೇ ಕಲಿತವರು ಅವರು. ಕಲಬುರಗಿಯ ಎಸ್. ಎಂ. ಪಂಡಿತರು ಇದೇ ನಗರದಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಬರೆದ ದೇವರುಗಳು ನಮ್ಮ ಅಜ್ಜಿಯಂದಿರ ದೇವರ ಕೋಣೆಯವರೆಗೂ ಹೋದವು. ಹೊಟ್ಟೆಪಾಡಿಗೆ ರೈಲು ಹತ್ತಿ ಬಂದವರಲ್ಲಿ ಹೋಟೆಲಿನವರಷ್ಟೇ ಅಲ್ಲ, ಕುಂಚ ಹಿಡಿದವರೂ ಇದ್ದರು ಎಂದು ನಿಮ್ಮ ಸದಸ್ಯರಿಗೆ ತಿಳಿದರೆ, ‘ನಮಗೆ ಕಲೆ ಅರ್ಥವಾಗುವುದಿಲ್ಲ’ ಎಂಬ ಸಂಕೋಚ ಅರ್ಧ ಕಳೆಯುತ್ತದೆ.

ಇನ್ನು ಹರಾಜು. ನಿಮ್ಮ ಅಧ್ಯಕ್ಷರ ಉದ್ದೇಶ ದೊಡ್ಡದು, ದಾರಿ ಮಾತ್ರ ಸರಿಯಿಲ್ಲ. ಹಲ್ಲಿನ ವೈದ್ಯರೊಬ್ಬರು ಸಭೆಗೆ ಬಂದರೆ ‘ಐದು ಹಲ್ಲು ಉಚಿತವಾಗಿ ಕಟ್ಟಿಕೊಡಿ, ಹರಾಜು ಹಾಕುತ್ತೇವೆ’ ಎನ್ನುತ್ತೀರಾ? ಕಲಾವಿದನಿಗೆ ಕೇಳುತ್ತೀರಿ, ಏಕೆಂದರೆ ಚಿತ್ರ ಪುಕ್ಕಟೆ ಹುಟ್ಟುತ್ತದೆ ಎಂಬ ಭಾವನೆ. ಲೆಕ್ಕಪರಿಶೋಧಕ ಸದಸ್ಯರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ: ನಾವು 80ಜಿ ಎಂದು ಕರೆಯುತ್ತ ಬಂದ ತೆರಿಗೆ ವಿನಾಯಿತಿ ಹಣದ ದಾನಕ್ಕೆ ಮಾತ್ರ, ವಸ್ತುವಿನ ದಾನಕ್ಕಿಲ್ಲ. ಹರಾಜಿನಲ್ಲಿ ಮೆರೆಯುವವನು ಕೊಂಡವನು, ಹೆಸರು ಕ್ಲಬ್ಬಿಗೆ, ಕಲಾವಿದನಿಗೆ ಒಂದು ಖಾಲಿ ಚೌಕಟ್ಟು. ಜೊತೆಗೆ, ಹರಾಜಿನಲ್ಲಿ ಚಿತ್ರ ಅಗ್ಗಕ್ಕೆ ಹೋದರೆ ಅದೇ ಅವನ ಬೆಲೆ ಎಂದು ಊರಿಡೀ ಸುದ್ದಿಯಾಗುತ್ತದೆ. ಪೂರ್ಣ ಬೆಲೆ ಕೊಟ್ಟು ಹಿಂದೆ ಕೊಂಡವರು ಅವನಿಗೆ ಫೋನ್ ಮಾಡುತ್ತಾರೆ.

ಹರಾಜು ಬೇಕೇ ಬೇಕೆಂದಾದರೆ ಹೀಗೆ ಮಾಡಿ. ಪ್ರತಿ ಚಿತ್ರಕ್ಕೆ ಕಲಾವಿದ ಒಂದು ಕನಿಷ್ಠ ಬೆಲೆ ಹೇಳಲಿ. ಆ ಮೊತ್ತ ಅವನದು. ಅದರ ಮೇಲೆ ಕೂಗಿದ್ದೆಲ್ಲ ಡಯಾಲಿಸಿಸ್ ನಿಧಿಗೆ. ಆ ಬೆಲೆಗೆ ಯಾರೂ ಕೂಗದಿದ್ದರೆ ಚಿತ್ರ ಮನೆಗೆ ಹಿಂತಿರುಗುತ್ತದೆ, ಗದ್ದಲವಿಲ್ಲ. ಇದನ್ನು ಅಧ್ಯಕ್ಷರಿಗೆ ಒಪ್ಪಿಸುವುದು ಕಷ್ಟವಾದರೆ, ರೋಟರಿಯವರು ಸಭೆಗಳಲ್ಲಿ ಓದುವ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದನ್ನು, ಸಂಬಂಧಪಟ್ಟ ಎಲ್ಲರಿಗೂ ನ್ಯಾಯಯುತವೇ ಎಂಬುದನ್ನು, ಗಟ್ಟಿಯಾಗಿ ಓದಿ ಸುಮ್ಮನೆ ಕುಳಿತುಬಿಡಿ.

ಕೊಳ್ಳುವವರು ಸ್ಟುಡಿಯೊದಲ್ಲಿ ಚೌಕಾಸಿ ಮಾಡುತ್ತಾರೆ. ಗ್ಯಾಲರಿಗಳು ಮಾರಾಟದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ಇಟ್ಟುಕೊಳ್ಳುವುದುಂಟು, ಇಲ್ಲಿ ಮಧ್ಯವರ್ತಿ ಇಲ್ಲವಲ್ಲ ಎಂಬುದು ಅವರ ತರ್ಕ. ಆದರೆ ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಯಲ್ಲಿ ಇನ್ನೊಂದು ಬೆಲೆ ಇಟ್ಟ ಕಲಾವಿದನನ್ನು ಯಾವ ಗ್ಯಾಲರಿಯೂ ಎರಡನೆಯ ಸಲ ಕರೆಯುವುದಿಲ್ಲ. ಅವನು ಬೆಲೆ ಇಳಿಸದಿದ್ದರೆ ಅದು ಅಹಂಕಾರವಲ್ಲ ಎಂದು ಸದಸ್ಯರಿಗೆ ಮೊದಲೇ ತಿಳಿಸಿ. ಕಡಿಮೆ ಹಣದಲ್ಲಿ ಮೂಲ ಕೃತಿ ಬೇಕೆನ್ನುವವರು ಮುದ್ರಣಚಿತ್ರಗಳನ್ನು ನೋಡಲಿ. ಕೆಳಗೆ ಪೆನ್ಸಿಲಿನಲ್ಲಿ 3/25 ಎಂದಿದ್ದರೆ, ಕಲಾವಿದ ತಾನೇ ಕೊರೆದ ತಗಡಿನಿಂದ ತೆಗೆದ 25 ಪ್ರತಿಗಳಲ್ಲಿ ಅದು ಮೂರನೆಯದು ಎಂದರ್ಥ. ಅದು ಜೆರಾಕ್ಸ್ ಅಲ್ಲ. ನಾನು ಹಾಗೆಂದು ವಿವರಿಸುತ್ತಲೇ ಇರುತ್ತೇನೆ, ಪ್ರತಿವರ್ಷ ಯಾರಾದರೊಬ್ಬರು ‘ಹಾಗಾದರೆ ಒರಿಜಿನಲ್ ಎಲ್ಲಿದೆ?’ ಎನ್ನುತ್ತಾರೆ.

ಕ್ಲಬ್ಬು ಒಂದು ಚಿತ್ರ ಕೊಂಡರೂ ಅದನ್ನು ಕ್ಯಾಲೆಂಡರಿನಲ್ಲಿ, ದೀಪಾವಳಿ ಕಾರ್ಡಿನಲ್ಲಿ ಅಚ್ಚು ಹಾಕುವ ಹಕ್ಕು ಜೊತೆಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕ್ಯಾನ್ವಾಸ್ ನಿಮ್ಮದಾಗುತ್ತದೆ, ಅದನ್ನು ನಕಲು ಮಾಡುವ ಹಕ್ಕು ಬರೆದುಕೊಡದ ಹೊರತು ಕಲಾವಿದನಲ್ಲೇ ಉಳಿಯುತ್ತದೆ. ಅದು ಅವನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ. ನೀವೇ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರಕ್ಕೆ ನಿಯಮ ಬೇರೆ: ಬೇರೆ ಒಪ್ಪಂದವಿಲ್ಲದಿದ್ದರೆ ಹಕ್ಕು ಬರೆಸಿದವರದು. ಎರಡು ಸಾಲಿನ ಪತ್ರದಲ್ಲಿ ಇವೆಲ್ಲ ಬಗೆಹರಿಯುತ್ತವೆ. ನನ್ನ ಡೈರಿಯ ಕಥೆಯಲ್ಲಿ ಆ ಎರಡು ಸಾಲು ಇರಲಿಲ್ಲ.

ಕೊನೆಗೆ ಶಾಲಿನ ಪ್ರಶ್ನೆ. ಮಾತನಾಡುವ ಕಲಾವಿದರಿಗೆ ಸಭೆಗೆ ಮೊದಲೇ ಗೌರವಧನ ಎಷ್ಟೆಂದು ಹೇಳಿ, ಲಕೋಟೆಯಲ್ಲಿ ಕೊಡಿ, ವೇದಿಕೆಯ ಮೇಲೆ ಬೇಡ. ಫಲಕ, ಗಾಜಿನ ಸ್ಮರಣಿಕೆ ಖಂಡಿತ ಬೇಡ. ನಿಮ್ಮ ಕ್ಲಬ್ಬಿನ ಚಕ್ರವೋ ಸಿಂಹವೋ ಇರುವ ಆ ಗಾಜನ್ನು ಒರಸುತ್ತಾ ಕೂರಲು ಅವರ ಮನೆಯಲ್ಲಿ ಜಾಗವಿಲ್ಲ. ಏನಾದರೂ ಕೊಡಲೇಬೇಕೆಂದಿದ್ದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಒಳ್ಳೆಯ ಜಲವರ್ಣ ಕಾಗದದ ಹತ್ತು ಹಾಳೆ ಕೊಡಿ, ಐವರಿಗೂ. ಶಾಲು ಹೊದಿಸದೆ ಅಧ್ಯಕ್ಷರಿಗೆ ಸಮಾಧಾನವಾಗುವುದಿಲ್ಲ ಎಂದಾದರೆ ಹೊದಿಸಲಿ ಬಿಡಿ, ಆದರೆ ಹತ್ತಿಯದಿರಲಿ. ನನ್ನಲ್ಲಿ ಹದಿನಾಲ್ಕು ಶಾಲುಗಳಿವೆ. ಜರಿಯವು ಹನ್ನೊಂದು ಕಪಾಟಿನಲ್ಲಿವೆ, ಹತ್ತಿಯ ಮೂರು ಮಾತ್ರ ಪ್ರತಿ ಮಳೆಗಾಲ ಕ್ಯಾನ್ವಾಸ್ ಸುತ್ತಿಡಲು ಒದಗುತ್ತವೆ.